ತೆರೆದ ದಾರಿಯೆಲ್ಲ ನಮ್ಮದೇ?

ಯಾರೂ ತಡೆಯದ ಕಡೆಗೆ ನಾವು ಹೋಗಬಹುದೇ? ತಡೆಯುವವರಿಲ್ಲದಿದ್ದರೆ ತಪ್ಪೇನು ಎಂದು ನೀವು ಕೇಳಬಹುದು. ದಕ್ಷಿಣ ಆಸ್ಟ್ರೇಲಿಯದ ಫ್ಲಿಂಡರ್ಸ್ ಪರ್ವತಶ್ರೇಣಿಯಲ್ಲಿ ಕಳೆದ ಒಂದೇ ಒಂದು ದಿನ ಈ ಪ್ರಶ್ನೆಯನ್ನು ನನಗೆ ಕಠಿಣವಾಗಿಸಿತು.

ಅಡಿಲೇಡ್ ನಗರದಿಂದ ಉತ್ತರಕ್ಕೆ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ಸಾಗಿದರೆ ಗೋಧಿಯ ಹೊಲಗಳು ಮುಗಿದು, ಒಣನೆಲದ ನಡುವೆ ಕೆಂಪು ಬಂಡೆಗಳ ಬೆಟ್ಟಗಳು ಏಳುತ್ತವೆ. ಅಲ್ಲಿ ವಿಲ್ಪೀನ ಪೌಂಡ್ ಎಂಬ, ಬೃಹತ್ ಬೋಗುಣಿಯನ್ನು ಹೋಲುವ ಗಿರಿವರ್ತುಲವಿದೆ. ಮೂಲನಿವಾಸಿಗಳಾದ ಅದ್ನ್ಯಮತನ ಜನರು ಅದನ್ನು ಇಕಾರ, ಎಂದರೆ ಕೂಡುವ ಸ್ಥಳ, ಎಂದು ಕರೆಯುತ್ತಾರೆ. ಉತ್ಸವಕ್ಕೆ ನೆರೆದಿದ್ದ ಜನರನ್ನು ಎರಡು ಮಹಾಸರ್ಪಗಳು ಸುತ್ತುವರಿದು ನುಂಗಿದವೆಂದೂ, ಆ ಸರ್ಪಗಳ ದೇಹಗಳೇ ಈ ಗಿರಿಭಿತ್ತಿಗಳಾದವೆಂದೂ ಅವರ ಪರಂಪರೆ ಹೇಳುತ್ತದೆ. ಸಾವಿರ ಮೀಟರಿಗೂ ಮಿಕ್ಕಿದ ಅತ್ಯುನ್ನತ ಶಿಖರಕ್ಕೆ ಬಿಳಿಯರು ಇಟ್ಟ ಹೆಸರು ಸೇಂಟ್ ಮೇರಿ ಪೀಕ್. ಮಾತೆ ಮರಿಯಮ್ಮನವರ ಹೆಸರಿನ ಆ ತುದಿಯಲ್ಲಿ ನಿಂತು ಜಪಸರ ಹೇಳಬೇಕೆಂಬುದು ನನ್ನ ಆಸೆಯಾಗಿತ್ತು.

ನನ್ನನ್ನು ಕರೆದೊಯ್ದವರು ಅಲ್ಲಿ ನೆಲೆಸಿರುವ ನಮ್ಮೂರಿನ ಕುಟುಂಬದವರು. ಆ ಮನೆಯ ಹಿರಿಯ ಮಗನೊಡನೆ ನಸುಕಿನಲ್ಲೇ ಹೊರಟೆ. ಬಂಡೆಗಳನ್ನು ಕೈಕಾಲುಗಳಿಂದ ಏರಿ, ತಂಡೆರ್ರಾ ಎಂಬ ತಗ್ಗಾದ ಏಣನ್ನು ತಲಪುವಾಗ ನನ್ನ ಮೊಣಕಾಲುಗಳು ಸೋತಿದ್ದವು. ಇಲ್ಲಿಂದ ಮುಂದೆ ಶಿಖರಕ್ಕೆ ಏರಬೇಡಿರೆಂಬುದು ಅದ್ನ್ಯಮತನ ಹಿರಿಯರ ಕೋರಿಕೆ. ನಿಷೇಧವಲ್ಲ, ಕೋರಿಕೆ ಮಾತ್ರ. ಉಲುರು ಬಂಡೆಯ ಏರುದಾರಿಯನ್ನು 2019ರ ಅಕ್ಟೋಬರಿನಲ್ಲಿ ಶಾಶ್ವತವಾಗಿ ಮುಚ್ಚಲಾಯಿತು. ಇಲ್ಲಿ ಬೇಲಿಯಿಲ್ಲ, ಕಾವಲುಗಾರನಿಲ್ಲ, ದಂಡವಿಲ್ಲ.

“ತಡೆಯುವವರು ಯಾರೂ ಇಲ್ಲವಲ್ಲ ಫಾದರ್, ಬನ್ನಿ” ಎಂದ ಹುಡುಗ. “ಸರ್ಪದ ಕಥೆಯನ್ನು ನಾವು ನಂಬುವುದೂ ಇಲ್ಲವಲ್ಲ?”

ಗುರುಮಠದಲ್ಲಿ ವರ್ಷಗಟ್ಟಲೆ ನೀತಿಶಾಸ್ತ್ರ ಓದಿದವನಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಆ ಬಂಡೆಯ ಮೇಲೆ ಕುಳಿತಾಗ ನೆನಪಾದವರು ಸಂತ ಪೌಲರು. ವಿಗ್ರಹಕ್ಕೆ ಅರ್ಪಿಸಿದ ಮಾಂಸದ ವಿಷಯದಲ್ಲಿ ಕೊರಿಂಥದವರಿಗೆ ಬರೆಯುವಾಗ, ವಿಗ್ರಹವು ಏನೂ ಅಲ್ಲವೆಂದು ಅವರು ಸ್ಪಷ್ಟವಾಗಿ ಒಪ್ಪುತ್ತಾರೆ. ಆದರೂ ಸಹೋದರನ ಮನಸ್ಸಾಕ್ಷಿಗೆ ಘಾಸಿಯಾಗುವುದಾದರೆ ತಾವು ಮಾಂಸವನ್ನೇ ಬಿಡುವೆವೆನ್ನುತ್ತಾರೆ. ಆದರೆ ಈ ವಾದ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲವೆಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಪೌಲರ ಮನಸ್ಸಿನಲ್ಲಿದ್ದವನು ವಿಶ್ವಾಸದಲ್ಲಿ ದುರ್ಬಲನಾದ ಕ್ರೈಸ್ತ ಸಹೋದರ. ಅದ್ನ್ಯಮತನ ಹಿರಿಯರು ದುರ್ಬಲರಲ್ಲ, ತಮ್ಮ ಕಥೆಯನ್ನು ನಂಬಿರೆಂದು ನಮ್ಮನ್ನು ಕೇಳುವುದೂ ಇಲ್ಲ. ಮನೆಯವರು ಅತಿಥಿಗೆ ‘ಒಳಕೋಣೆಗೆ ಬೇಡ’ ಎನ್ನುವಂತೆ ಕೇಳುತ್ತಾರೆ, ಅಷ್ಟೇ. ಅದು ಅವರ ಮನೆಯೆಂದು ನ್ಯಾಯಾಲಯ ಒಪ್ಪಿದ್ದು ಕೂಡ 2009ರಲ್ಲಿ!

ಪ್ರವಾಸಿಗರು ಕ್ಯಾಮೆರಾ ಹಿಡಿದು ನಮ್ಮ ದೇವಾಲಯದ ಬಲಿಪೀಠದ ಮೆಟ್ಟಿಲೇರಿದರೆ ನಮಗೆ ಏನನಿಸುತ್ತದೆ? ‘ಫಲಕ ಹಾಕಿಲ್ಲವಲ್ಲ, ರೊಟ್ಟಿಯ ಕಥೆಯನ್ನು ನಾವು ನಂಬುವುದಿಲ್ಲವಲ್ಲ’ ಎಂದು ಅವರು ಹೇಳಿದರೆ? ಈ ಮಾತನ್ನೇ ಹುಡುಗನಿಗೆ ಹೇಳಿದೆ. ಆತ ಸ್ವಲ್ಪ ಹೊತ್ತು ನಿಂತ. ಆಮೇಲೆ ನಮ್ಮನ್ನು ದಾಟಿ ಹೋದ ಇಬ್ಬರು ಚಾರಣಿಗರ ಹಿಂದೆ ಮೇಲಕ್ಕೆ ಹೊರಟೇಬಿಟ್ಟ. ನಾನು ಅಲ್ಲೇ ಕುಳಿತು ಜಪಸರ ತೆಗೆದೆ. ಪ್ರಾರ್ಥನೆಯಲ್ಲಿ ಭಕ್ತಿಗಿಂತ ಅಸಮಾಧಾನವೇ ಹೆಚ್ಚಾಗಿತ್ತು. ಒಳ್ಳೆಯದನ್ನು ಮಾಡಿದವನಿಗೆ ನೆಮ್ಮದಿ ತಾನಾಗಿ ದೊರೆಯುತ್ತದೆಂದು ನಾನೇ ಎಷ್ಟೋ ಬಾರಿ ಪ್ರಸಂಗ ಮಾಡಿದ್ದೇನೆ.

ಮಧ್ಯಾಹ್ನ ವಾಹನದಲ್ಲಿ ಬ್ರಾಕೀನ ಕಮರಿಗೆ ಇಳಿದೆವು. ದಾರಿಯೆಂದರೆ ಬಹುಪಾಲು ಒಣಗಿದ ಹೊಳೆಯ ಕಲ್ಲುಗಳೇ. ನಾಲ್ಕೂ ಚಕ್ರಗಳು ಎಳೆಯುವ ಗಾಡಿಯೂ ದೋಣಿಯಂತೆ ಓಲಾಡಿತು. ಅಲ್ಲಿನ ಒಂದು ಹಳ್ಳದ ಬಂಡೆಯಲ್ಲಿ ಕಂಚಿನ ಬಿಲ್ಲೆಯೊಂದನ್ನು ನೆಟ್ಟಿದ್ದಾರೆ. ಭೂಮಿಯ ಇತಿಹಾಸದಲ್ಲಿ ಎಡಿಯಾಕರನ್ ಯುಗ ಆರಂಭವಾಗುವುದು ಈ ಪದರದಿಂದ, ಸುಮಾರು 63 ಕೋಟಿ ವರ್ಷಗಳ ಹಿಂದೆ, ಎಂದು ವಿಜ್ಞಾನಿಗಳು 2004ರಲ್ಲಿ ನಿರ್ಣಯಿಸಿದರು. ಇದೇ ಪರ್ವತಪ್ರದೇಶದ ಎಡಿಯಾಕರ ಗುಡ್ಡಗಳಲ್ಲಿ 1946ರಲ್ಲಿ ರೆಗ್ ಸ್ಪ್ರಿಗ್ ಎಂಬ ಭೂವಿಜ್ಞಾನಿ ಮೃದುದೇಹಿ ಜೀವಿಗಳ ಅಚ್ಚುಗಳನ್ನು ಕಂಡಿದ್ದರು. ಅವು ಎಲುಬಾಗಲಿ ಚಿಪ್ಪಾಗಲಿ ಇಲ್ಲದೆ ಸಾಗರತಳದಲ್ಲಿ ಬಾಳಿದ್ದವು.

ಅಲ್ಲಿಯ ಕಲ್ಲೊಂದನ್ನೂ ಒಯ್ಯುವಂತಿಲ್ಲ. ಅದು ಕಾನೂನು. ಹುಡುಗ ಎತ್ತಿಕೊಂಡಿದ್ದ ಚಪ್ಪಟೆ ಕಲ್ಲನ್ನು ಯಾರೂ ಹೇಳದೆಯೇ ಇದ್ದಲ್ಲಿಯೇ ಇಟ್ಟ. ನನಗೂ ಆ ಬಿಲ್ಲೆಯ ಮುಂದೆ ಧ್ವನಿ ತಗ್ಗಿಸಬೇಕೆನಿಸಿತು, ಯಾವ ವಾದವೂ ಬೇಕಾಗಲಿಲ್ಲ. ಬೆಳಿಗ್ಗೆ ಹಿರಿಯರ ಮಾತಿಗೆ ಮಾತ್ರ ನನಗೆ ಪೌಲರ ಬೆಂಬಲ ಬೇಕಾಗಿತ್ತಲ್ಲ!

ಸಂಜೆ ಬಿಡಾರದಲ್ಲಿ ಹುಡುಗ ಶಿಖರದ ಫೋಟೋ ತೋರಿಸಿದ. ಇಡೀ ಗಿರಿವರ್ತುಲ ಅದರಲ್ಲಿತ್ತು. “ಎಷ್ಟು ಸುಂದರ!” ಎಂಬ ಮಾತು ನನ್ನ ಬಾಯಿಂದ ಹೊರಟೇಹೋಯಿತು.

“ಹಾಗಾದರೆ ನೀವು ಕೆಳಗೇ ನಿಂತಿದ್ದರಿಂದ ಏನು ಸಿಕ್ಕಿತು ಫಾದರ್?” ಎಂದ. ಕೇಳಿದ್ದು ಕುಹಕದಿಂದಲ್ಲ, ಅವನಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ನಾನು ಇನ್ನೊಮ್ಮೆ ಚಿತ್ರವನ್ನು ನೋಡಿ, ಮೊಬೈಲನ್ನು ಅವನ ಕೈಗಿತ್ತೆ.