ಇನ್ನೊಬ್ಬರಾಗುವ ವಿದ್ಯೆ

ಬೊಮ್ಮನಹಾಳಿನಂಥ ಊರಲ್ಲಿ ಡಿಗ್ರಿ ಮುಗಿಸಿದ ಹುಡುಗನೋ ಹುಡುಗಿಯೋ ‘ನಾನು ನಾಟಕದಲ್ಲಿ ಎಂ.ಎ. ಮಾಡ್ತೀನಿ’ ಅಂದರೆ ಮನೆಯ ಹಿರಿಯರು ನೌಕರಿಯ ಮಾತು ಎತ್ತುವುದು ಆಮೇಲೆ. ‘ನಾಟಕ ಆಡೋದಕ್ಕೆ ಕಾಲೇಜು ಯಾಕೆ ಬೇಕು? ನಿಮ್ಮ ತಾತ ಯಾವ ಕಾಲೇಜಿಗೆ ಹೋಗಿದ್ದ?’ ಅನ್ನುವುದೇ ಮೊದಲು. ಈ ಮಾತನ್ನು ಹಳ್ಳಿಯವರ ತಿಳಿಗೇಡಿತನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಣ್ಣ ಹಚ್ಚಿ, ಕಿರೀಟ ಹೊತ್ತು, ಊರ ಮಂದಿಯ ಮುಂದೆ ರಾತ್ರಿಯಿಡೀ ನಿಂತು ಆಡಿದವರು ಕೇಳುವ ಪ್ರಶ್ನೆ ಅದು. ಅದಕ್ಕೆ ಸರಿಯಾದ ಉತ್ತರ ಹುಡುಕುವ ಹೊಣೆ ಓದಲು ಹೊರಟವರ ಮೇಲಿದೆ, ಓದಿಸುವವರ ಮೇಲೂ ಇದೆ.

ಬೊಮ್ಮನಹಾಳ್ ಇರುವುದು ಆಂಧ್ರದ ಅನಂತಪುರ ಜಿಲ್ಲೆಯ ರಾಯದುರ್ಗ ಸೀಮೆಯಲ್ಲಿ. ಬಸ್ಸು ಹತ್ತಿದರೆ ಬಳ್ಳಾರಿ ತಾಸೊಪ್ಪತ್ತಿನ ದಾರಿ. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಬಳ್ಳಾರಿ ಸೀಮೆ ದಾಟಿ ಈ ಕಡೆಯಿಂದಲೇ ಕಣೇಕಲ್ಲಿಗೆ ಹೋಗುತ್ತದೆ. ಹಗರಿ ಹೊಳೆಯ ಮರಳು ಗಾಳಿಗೆ ಎದ್ದು ಹೊಲಗಳ ಮೇಲೆ ದಿಬ್ಬವಾಗಿ ಕೂರುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಹಳೆಯ ಬಳ್ಳಾರಿ ಜಿಲ್ಲೆ ಒಡೆಯಿತು. ಆಲೂರು, ಆದೋನಿ, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಸೇರಿತು. ಕಚೇರಿಯ ಭಾಷೆ ಬದಲಾಯಿತು, ಅಡುಗೆಮನೆಯ ಭಾಷೆ ಬದಲಾಗಲಿಲ್ಲ. ಇಲ್ಲಿನ ಮಕ್ಕಳು ಮನೆಯಲ್ಲಿ ಕನ್ನಡ, ಮಂಡಲ ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎದುರಿಗೆ ನಿಂತವರ ಭಾಷೆ ಆಡುತ್ತ ಬೆಳೆಯುತ್ತಾರೆ. ಒಂದು ಮಾತಿನಿಂದ ಇನ್ನೊಂದಕ್ಕೆ ಹೊರಳುವಾಗ ಅವರ ದನಿ, ಕೈ ಬೀಸು, ನಿಲುವು ಎಲ್ಲವೂ ಕೊಂಚ ಬದಲಾಗುತ್ತವೆ. ಯಾರೂ ಕಲಿಸದೆಯೇ ಬಂದದ್ದು ಇದು.

ಜಾತ್ರೆಗೆ ತಿಂಗಳೊಪ್ಪತ್ತು ಇರುವಾಗ ಈ ಸೀಮೆಯ ಹಳ್ಳಿಗಳಲ್ಲಿ ತಾಲೀಮು ಶುರುವಾಗುತ್ತದೆ. ಹಾರ್ಮೋನಿಯಂ ಮಾಸ್ತರು ಬೇರೆ ಊರಿಂದ ಬರುತ್ತಾರೆ, ಅವರ ಊಟ ವಸತಿ ಊರಿನವರದು. ಪಾರ್ಟು ಹಂಚುವುದೇ ಒಂದು ದೊಡ್ಡ ಪಂಚಾಯಿತಿ. ದುರ್ಯೋಧನನ ಪಾರ್ಟು ಹಿಡಿದವನ ಕೈಯಲ್ಲಿ ಒಂದು ನೋಟುಬುಕ್ಕು ಇರುತ್ತದೆ. ಪದ್ಯ ತೆಲುಗಿನದು, ಅಕ್ಷರ ಕನ್ನಡದವು. ತೆಲುಗು ಓದಲು ಅವನಿಗೆ ಬಾರದು, ಹಾಡಲು ಬರುತ್ತದೆ. ಒತ್ತಕ್ಷರ ತಪ್ಪಿದಲ್ಲಿ ಮಾಸ್ತರು ಪೆನ್ಸಿಲಿನಿಂದ ತಿದ್ದಿದ್ದಾರೆ. ರಾಗ ಏರಿಸುವ ಕಡೆ ಒಂದು ಗೆರೆ, ಉಸಿರು ತೆಗೆದುಕೊಳ್ಳುವ ಕಡೆ ಒಂದು ಚುಕ್ಕೆ. ಕೊನೆಯ ಹಾಳೆಗಳಲ್ಲಿ ಗೊಬ್ಬರದ ಲೆಕ್ಕ, ಟ್ರ್ಯಾಕ್ಟರ್ ಬಾಡಿಗೆ. ಹೊಲದ ಬದುವಿನ ಜಗಳದಲ್ಲಿ ಮಾತು ಬಿಟ್ಟ ಇಬ್ಬರು ಇಲ್ಲಿ ಕೃಷ್ಣನಾಗಿ ದುರ್ಯೋಧನನಾಗಿ ಎದುರಾಬದುರು ಕೂತು ಸಂಧಿಯ ಮಾತಾಡಬೇಕಾಗುತ್ತದೆ. ಮುಂದಿನ ವರ್ಷ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ಹಿಡಿದರೆ ಅದೇ ಮಂದಿ ಅಷ್ಟೇ ಹುರುಪಿನಿಂದ ಕನ್ನಡಕ್ಕೆ ಹೊರಳುತ್ತಾರೆ.

ಹಾಗಾದರೆ ಆಟ ಇವರಿಗೆ ಗೊತ್ತಿದೆ. ದನಿ ಎಲ್ಲಿ ಏರಬೇಕು, ಜನ ಎಲ್ಲಿ ತೂಕಡಿಸುತ್ತಾರೆ, ‘ಒನ್ಸ್ ಮೋರ್’ ಕೂಗಿದಾಗ ಪದ್ಯವನ್ನು ಎಲ್ಲಿಂದ ಎತ್ತಿಕೊಳ್ಳಬೇಕು ಎಲ್ಲವೂ ಗೊತ್ತು. ಇಲ್ಲಿ ಸಿಗದಿರುವುದು ‘ಹೀಗೇ ಏಕೆ?’ ಎಂದು ಕೇಳಿಕೊಳ್ಳುವ ಪುರುಸೊತ್ತು. ಜಾತ್ರೆಯ ದಿನ ಹತ್ತಿರ ಬರುತ್ತಿರುವಾಗ ಮಾಸ್ತರು ಪದ್ಯ ಬಾಯಿಗೆ ಹತ್ತಿಸುವರೋ, ಆ ಪದ್ಯ ಯಾಕೆ ಆ ರಾಗದಲ್ಲಿದೆ ಎಂದು ವಿವರಿಸುವರೋ! ಸ್ನಾತಕೋತ್ತರ ಓದು ನಿಜವಾಗಿ ಕೊಡಬೇಕಾದದ್ದು ಈ ಪುರುಸೊತ್ತನ್ನು. ಎರಡು ವರ್ಷ ಆಟದ ಒಳಗೂ ಇದ್ದು, ಹೊರಗೆ ನಿಂತು ಅದನ್ನು ನೋಡುವ ಅವಕಾಶ ಅದು.

ಆ ನೋಟ ಏನು ಮಾಡಬಲ್ಲದು ಎಂಬುದಕ್ಕೆ ಹಾರ್ಮೋನಿಯಂ ಅನ್ನೇ ತೆಗೆದುಕೊಳ್ಳೋಣ. ಪೇಟೆಯ ರಂಗಭೂಮಿಯನ್ನು ಕಂಡು ಬಂದ ಹೊಸಬರಿಗೆ ಹಳ್ಳಿಯ ನಾಟಕದ ಹಾರ್ಮೋನಿಯಂ, ಮಿರುಗುವ ಪರದೆ, ಝಗಝಗಿಸುವ ಬಣ್ಣ ಎಲ್ಲವೂ ಅತಿಯಾಯಿತು ಅನ್ನಿಸುವುದುಂಟು. ಆದರೆ ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ ಭರತನ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನ ‘ಅಭಿನವಭಾರತಿ’ಯಲ್ಲಿ ರಸಾನುಭವಕ್ಕೆ ಏಳು ವಿಘ್ನಗಳನ್ನು ಹೇಳುತ್ತಾನೆ. ನೋಡುವವನು ತನ್ನದೇ ಸುಖದುಃಖದಲ್ಲಿ ಮುಳುಗಿರುವುದು ಅವುಗಳಲ್ಲೊಂದು. ಗಾಯನ, ವಾದ್ಯ, ಸಿಂಗರಿಸಿದ ಮಂಟಪ ಇರುವುದು ಈ ವಿಘ್ನವನ್ನು ಕಳೆಯಲಿಕ್ಕೆ ಎಂಬುದು ಅವನ ವಿವರಣೆ. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ, ತಲೆಯ ತುಂಬ ಸಾಲದ ಲೆಕ್ಕ ಹೊತ್ತು ಬಂದು ನೆಲದ ಮೇಲೆ ಕೂತವನಿಗೆ ಕುರುಕ್ಷೇತ್ರದ ದುಃಖ ತಟ್ಟಬೇಕಾದರೆ ಮೊದಲು ಅವನ ಸ್ವಂತ ದುಃಖ ತುಸು ಸಡಿಲಬೇಕು. ಆ ಕೆಲಸವನ್ನು ಆ ಹಾರ್ಮೋನಿಯಂ ಮಾಡುತ್ತಿದೆ. ಮಾಸ್ತರು ಅಭಿನವಗುಪ್ತನನ್ನು ಓದಿಲ್ಲ, ಅವನು ಹೇಳಿದ್ದನ್ನು ಮಾತ್ರ ಪ್ರತಿ ವರ್ಷ ಮಾಡುತ್ತ ಬಂದಿದ್ದಾರೆ. ಇದು ತಿಳಿದ ಗಳಿಗೆಯಲ್ಲಿ ಓದಿದವರಿಗೆ ತಮ್ಮ ಊರಿನ ಬಗ್ಗೆ ಹೊಸ ಗೌರವ ಹುಟ್ಟುತ್ತದೆ. ತಲೆಯೆತ್ತಿ ಕಾರಣ ಕೊಡಬಲ್ಲ ಗೌರವ ಅದು.

ಇನ್ನೊಂದು ಉದಾಹರಣೆ ಬಯಲಾಟದ್ದು. ನಮ್ಮ ದೊಡ್ಡಾಟದಲ್ಲಿ ರಾಜ ಕುಣಿಯುತ್ತ ರಂಗಕ್ಕೆ ಬಂದಾಗ ಸಾರಥಿ ಅವನನ್ನು ತಡೆದು ನೀವು ಯಾರು, ಯಾವ ಊರು ಎಂದು ವಿಚಾರಿಸುತ್ತಾನೆ. ರಾಜ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುತ್ತಾನೆ. ವೇಷ ಹಾಕಿದವನು ಯಾರೆಂದು ನೋಡುವವರಿಗೆಲ್ಲ ಗೊತ್ತು, ವೇಷ ಯಾರದೆಂಬುದೂ ಗೊತ್ತು. ಆದರೂ ಆ ಪ್ರಶ್ನೆ ಬೇಕು. 1935ರಲ್ಲಿ ಜರ್ಮನ್ ನಾಟಕಕಾರ ಬ್ರೆಕ್ಟ್ ಮಾಸ್ಕೋದಲ್ಲಿ ಚೀನಾದ ನಟ ಮೇ ಲಾನ್‌ಫಾಂಗ್ ಅವರ ಅಭಿನಯ ನೋಡಿದ. ನಟ ಪಾತ್ರದಲ್ಲಿ ಕರಗಿಹೋಗದೆ ಪಾತ್ರವನ್ನು ತೋರಿಸುತ್ತಿರುವುದು ಅವನಿಗೆ ಕಂಡಿತು. ಅದನ್ನು ಕುರಿತು ಬರೆದ, ಆ ಬರಹ ಇಂದಿಗೂ ನಾಟಕ ಓದುವವರ ಪಠ್ಯ. ಪರದೇಶದ ಆಟವನ್ನು ನೋಡುವ ಕಣ್ಣಿದ್ದುದರಿಂದ ಅವನಿಗೆ ತನ್ನ ಆಟ ಹೊಳೆಯಿತು. ನಮ್ಮ ಸಾರಥಿಯ ಪ್ರಶ್ನೆಯ ಎದುರು ಅಂಥ ಕಣ್ಣಿಟ್ಟುಕೊಂಡು ಕೂರುವವರು ಎಷ್ಟು ಮಂದಿ? ಈ ಓದು ತಯಾರು ಮಾಡಬೇಕಾದದ್ದು ಆ ಕಣ್ಣುಳ್ಳವರನ್ನು.

ಈ ಸೀಮೆಗೆ ಈ ಹಂಬಲ ಹೊಸದೂ ಅಲ್ಲ. ಬಳ್ಳಾರಿಯಲ್ಲಿ ವಕೀಲರಾಗಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರು ಸರಸ ವಿನೋದಿನಿ ಸಭೆ ಕಟ್ಟಿದರು. ಅಲ್ಲೇ ವಕೀಲಿ ಮಾಡುತ್ತಿದ್ದ ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭೆ ಕಟ್ಟಿದರು, ಚಾರಿತ್ರಿಕ ನಾಟಕಗಳನ್ನು ಬರೆದರು, ಜಗತ್ತಿನ ನಾಟಕ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ನಾಟಕಕ್ಕೊಂದು ವಿಭಾಗ ಎಂಬ ಕಲ್ಪನೆಯೇ ಇಲ್ಲಿನ ವಿಶ್ವವಿದ್ಯಾಲಯಗಳಿಗೆ ಇಲ್ಲದ ಕಾಲ ಅದು. ಬಿಸಿಲೂರಿನಲ್ಲಿ ಕಕ್ಷಿದಾರರ ಕಾಗದಪತ್ರಗಳ ನಡುವೆ ಕೂತು ಗ್ರೀಸಿನಿಂದ ಹಿಡಿದು ಎಲ್ಲ ದೇಶಗಳ ಆಟವನ್ನು ತಿಳಿಯಬೇಕೆಂಬ ಆಸೆ ಅವರಿಗೆ ಹುಟ್ಟಿತು. ಸ್ನಾತಕೋತ್ತರ ಓದಿನ ಮೂಲ ಪ್ರೇರಣೆ ಇದೇ ಎಂದು ನನಗೆ ಅನ್ನಿಸುತ್ತದೆ. ಪದವಿಗಿಂತ ಮೊದಲು ಆಸೆ ಹುಟ್ಟಿರಬೇಕು.

ಧರ್ಮವರದವರ ಸೋದರಳಿಯ ಬಳ್ಳಾರಿ ರಾಘವ. ಹುಟ್ಟಿದ್ದು 1880ರಲ್ಲಿ, ಅನಂತಪುರ ಜಿಲ್ಲೆಯ ತಾಡಪತ್ರಿಯಲ್ಲಿ. ಅವರೂ ವಕೀಲರೇ. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಆಡಿದವರು, ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ಮಾಡಬೇಕೆಂದು ಪಟ್ಟು ಹಿಡಿದು ವಿದ್ಯಾವಂತ ಮಹಿಳೆಯರನ್ನು ರಂಗಕ್ಕೆ ಕರೆತಂದವರು. ಅವರಿಗೆ ಬಹಳ ಹೆಸರು ತಂದ ಪಾತ್ರಗಳಲ್ಲೊಂದು ಕೋಲಾಚಲಂ ಬರೆದ ‘ರಾಮರಾಜು ಚರಿತ್ರ’ದ ಪಠಾಣ ರುಸ್ತುಮ್. ವಿಜಯನಗರದ ಪತನದ ಕಥೆ ಅದು. ಹಂಪೆಯ ಹಾಳು ದೇಗುಲಗಳ ಪಕ್ಕದಲ್ಲೇ ಬದುಕುವ ಜನರಿಗೆ ಆ ಪತನ ಇಂದಿಗೂ ಮನೆಯ ನೋವು. ಆ ಜನರ ಎದುರು, ಅವರದೇ ಊರಿನ ನಟ, ಎದುರು ಪಾಳೆಯದ ಮನುಷ್ಯನನ್ನು ತನ್ನ ಮೈಮೇಲೆ ತಂದುಕೊಂಡು ನಿಂತ. ನಾಟಕದ ಆಳದ ಅರ್ಥ ನನಗೆ ಕಾಣುವುದು ಇಲ್ಲಿ. ಒಲಿದವರ ವೇಷ ಕಟ್ಟುವುದು ಕಷ್ಟವಲ್ಲ. ಯಾರನ್ನು ಮನಸ್ಸು ಒಲ್ಲೆ ಅನ್ನುತ್ತದೋ ಅವರ ಉಸಿರಿನ ಲಯ ಹಿಡಿಯಬೇಕು, ಅವರ ಕಡೆಯಿಂದ ಲೋಕ ಹೇಗೆ ಕಾಣುತ್ತದೆಂದು ಒಂದು ರಾತ್ರಿಯಾದರೂ ನೋಡಬೇಕು, ಬೆಳಗಾದ ಮೇಲೆ ತನ್ನತನಕ್ಕೆ ಮರಳಬೇಕು. ಹಾಗೆ ಮರಳಿದವನು ಹೋದವನಷ್ಟೇ ಆಗಿರುವುದಿಲ್ಲ. ಬದುವಿನ ಜಗಳದವರಿಬ್ಬರು ಕೃಷ್ಣ ದುರ್ಯೋಧನರಾಗಿ ಕೂತಾಗಲೂ ಸಣ್ಣ ಪ್ರಮಾಣದಲ್ಲಿ ಇದೇ ನಡೆಯುತ್ತಿರುತ್ತದೆ.

ಜಿಲ್ಲೆ ಒಡೆದ 1953ರಲ್ಲೇ ದೆಹಲಿಯಲ್ಲಿ ಸಂಗೀತ ನಾಟಕ ಅಕಾಡೆಮಿ ಶುರುವಾಯಿತು. ಅದರ ಮೊದಲ ಅಧ್ಯಕ್ಷರು ಪಿ.ವಿ. ರಾಜಮನ್ನಾರ್. ರಾಘವರು ಆಡಿದ ‘ತಪ್ಪೆವರಿದಿ’ ನಾಟಕ ಬರೆದವರು ಅವರೇ. ಅದೇ ಅಕಾಡೆಮಿ 1959ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯನ್ನು ಕಟ್ಟಿತು. ರಾಘವರು 1946ರಲ್ಲೇ ತೀರಿಕೊಂಡಿದ್ದರು. ಆದರೂ ದೇಶದ ರಂಗಶಿಕ್ಷಣದ ಬೇರನ್ನು ಹಿಡಿದು ಹೋದರೆ ಒಂದು ಎಳೆ ಬಳ್ಳಾರಿಗೆ ಬಂದು ಮುಟ್ಟುತ್ತದೆ ಎಂಬುದು ಈ ಸೀಮೆಯ ಮಕ್ಕಳು ತಿಳಿದಿರಬೇಕಾದ ಸಂಗತಿ.

ಆ ಶಾಲೆಯಲ್ಲಿ ಕಲಿತವರಲ್ಲಿ ಬಿ.ವಿ. ಕಾರಂತರು ಒಬ್ಬರು. ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿ, ಆಮೇಲೆ ಕಾಶಿಯಲ್ಲಿ ಹಿಂದಿ ಎಂ.ಎ. ಓದಿ, 1962ರಲ್ಲಿ ನಾಟಕ ಶಾಲೆಯ ಪದವಿ ಪಡೆದರು. ಮುಂದೆ ಅದೇ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಅಷ್ಟೆಲ್ಲ ಓದಿದ ಮೇಲೂ ಕಂಪನಿಯಲ್ಲಿ ಕಿವಿಗೆ ಬಿದ್ದ ಸಂಗೀತವನ್ನು ಅವರು ಬಿಡಲಿಲ್ಲ. ಅದನ್ನೇ ಹೊಸ ನಾಟಕಗಳ ಉಸಿರಾಗಿಸಿದರು. ಕಂಪನಿ ಕೊಟ್ಟದ್ದೇನು, ಶಾಲೆ ಕೊಟ್ಟದ್ದೇನು ಎಂದು ಅವರ ಕೆಲಸದಲ್ಲಿ ಬೇರ್ಪಡಿಸಿ ತೋರಿಸುವುದು ಕಷ್ಟ. ಓದು ಮೈಗೂಡಿದರೆ ಹಾಗೆ ಆಗುತ್ತದೆ.

ಇಂದು ದಾರಿಗಳು ಹಲವಿವೆ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಹಳ್ಳಿಯ ಮಕ್ಕಳಿಗೆ ಕನ್ನಡದಲ್ಲೇ ಒಂದು ವರ್ಷದ ತರಬೇತಿ ಕೊಡುತ್ತ ಬಂದಿದೆ. ಸ್ನಾತಕೋತ್ತರ ಪದವಿಯೇ ಬೇಕೆಂದರೆ ಬೆಂಗಳೂರು ವಿಶ್ವವಿದ್ಯಾಲಯವಿದೆ, ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ, ತೆಲುಗು ನೆಲದ ಕಡೆ ಮುಖ ಮಾಡಿದರೆ ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಓದಿ ಬಂದವರಿಗೆಲ್ಲ ನೌಕರಿ ಕಾದಿದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಕರ್ನಾಟಕದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರಿದ್ದಾರೆ. ರೆಪರ್ಟರಿಗಳು, ಶಾಲಾ ಶಿಬಿರಗಳು, ಸಿನಿಮಾ, ಧಾರಾವಾಹಿಗಳಲ್ಲಿ ಕೆಲಸ ಸಿಗುತ್ತದೆ, ತಪ್ಪುತ್ತದೆ, ಮತ್ತೆ ಸಿಗುತ್ತದೆ. ಮನೆಯವರ ಆತಂಕಕ್ಕೆ ಆಧಾರವಿದೆ. ಅದನ್ನು ಗೌರವಿಸಿಯೇ ಈ ದಾರಿ ಹಿಡಿಯಬೇಕು.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಅಪಾಯ ಬೇರೆ ಇದೆ. ನಾಟ್ಯಶಾಸ್ತ್ರದ ಕೊನೆಯ ಅಧ್ಯಾಯದಲ್ಲಿ ಒಂದು ಕಥೆ ಬರುತ್ತದೆ. ಭರತನ ಮಕ್ಕಳು ನಾಟ್ಯವಿದ್ಯೆಯ ಮದವೇರಿ ಋಷಿಗಳನ್ನು ಗೇಲಿ ಮಾಡುವ ಆಟ ಆಡಿದರು, ಶಾಪಕ್ಕೆ ಗುರಿಯಾದರು. ಕಡೆಗೆ ನಹುಷ ರಾಜನ ಕೋರಿಕೆಯ ಮೇಲೆ ಭೂಮಿಗೆ ಇಳಿದು ಬಂದು ಇಲ್ಲಿಯ ಜನರ ನಡುವೆ ನಾಟ್ಯವನ್ನು ನೆಲೆಗೊಳಿಸಿದರು. ವಿದ್ಯೆಯ ಮದ ಇಳಿದ ಮೇಲೆಯೇ ಆಟ ಮನುಷ್ಯರ ಪಾಲಿಗೆ ಬಂತು ಎಂದು ಆ ಕಥೆಯನ್ನು ನಾನು ಓದಿಕೊಳ್ಳುತ್ತೇನೆ. ಪದವಿ ಹಿಡಿದು ಊರಿಗೆ ಬಂದು ‘ನೀವು ಆಡುವುದು ನಾಟಕವೇ ಅಲ್ಲ’ ಎನ್ನುವವರು ಆ ಕಥೆಯ ಮೊದಲ ಅರ್ಧದಲ್ಲೇ ನಿಂತುಬಿಡುತ್ತಾರೆ. ಅದೇ ಗ್ರಂಥ ನಾಟ್ಯಕ್ಕೆ ಮೂರು ಪ್ರಮಾಣಗಳನ್ನು ಹೇಳುತ್ತದೆ: ಲೋಕ, ವೇದ, ಅಧ್ಯಾತ್ಮ. ಶಾಸ್ತ್ರದಲ್ಲಿ ಹೇಳದೆ ಬಿಟ್ಟದ್ದನ್ನು ಲೋಕವನ್ನು ನೋಡಿ ತಿಳಿಯಬೇಕು ಎನ್ನುತ್ತದೆ. ಶಾಸ್ತ್ರ ತಾನೇ ತನ್ನ ಎಲ್ಲೆಯನ್ನು ಒಪ್ಪಿಕೊಂಡ ಮಾತು ಇದು, ನಾಟಕದ ವಿದ್ಯಾರ್ಥಿ ಇದನ್ನು ಎದೆಯಲ್ಲಿಟ್ಟುಕೊಳ್ಳಬೇಕು.

ಹಾಗಾಗಿ ಬೊಮ್ಮನಹಾಳ್, ರಾಯದುರ್ಗ, ಮಡಕಶಿರಾ ಕಡೆಯಿಂದ ಈ ಓದಿಗೆ ಹೊರಡುವವರಲ್ಲಿ ನನ್ನದೊಂದು ಕೇಳಿಕೆ. ಎಂ.ಎ.ಯ ಕೊನೆಗೆ ಬರೆಯಬೇಕಾದ ಪ್ರಬಂಧಕ್ಕೆ ವಿಷಯ ಹುಡುಕುತ್ತ ದೂರ ಹೋಗಬೇಡಿ. ಕನ್ನಡ ಅಕ್ಷರದಲ್ಲಿ ತೆಲುಗು ಪದ್ಯ ಬರೆದಿಟ್ಟ ನೋಟುಬುಕ್ಕುಗಳಿಗೆ ಮನೆಗಳ ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿದೆ. ಎರಡು ಭಾಷೆಗಳ ನಡುವೆ ಬದುಕಿದ ಜನ ತಮ್ಮ ಗಂಟಲನ್ನು ಹೇಗೆ ಹೊಂದಿಸಿಕೊಂಡರು, ಯಾವ ಪದ್ಯ ಉಳಿಸಿಕೊಂಡರು, ಯಾವುದನ್ನು ಕನ್ನಡದ ಮಾತಿಗೆ ಬಿಟ್ಟುಕೊಟ್ಟರು ಎಂಬ ಚರಿತ್ರೆ ಅವುಗಳಲ್ಲಿದೆ. ಅವನ್ನು ಕೂಡಿಸಿ, ಹಾಡಿಸಿ, ದಾಖಲಿಸಿ, ಅಭಿನವಗುಪ್ತನನ್ನೂ ಬ್ರೆಕ್ಟನನ್ನೂ ಪಕ್ಕದಲ್ಲಿಟ್ಟುಕೊಂಡು ಅವುಗಳ ಬಗ್ಗೆ ಬರೆಯಿರಿ. ವಿಶ್ವವಿದ್ಯಾಲಯಕ್ಕೆ ಒಪ್ಪಿಸುವ ಮುಂಚೆ ಊರಿಗೆ ಬಂದು, ನಿಮ್ಮ ತಾತನಿಗೆ ಪದ್ಯ ಕಲಿಸಿದ ಮನೆತನದ ಹಾರ್ಮೋನಿಯಂ ಮಾಸ್ತರ ಎದುರು ಕೂತು ಓದಿ ಹೇಳಿ. ‘ಇದು ಹೌದು’ ಎಂದು ಅವರು ತಲೆದೂಗಿದ ಕಡೆ ಹಾಗೇ ಬಿಡಿ, ‘ಇದು ಹಾಗಲ್ಲಪ್ಪ’ ಎಂದ ಕಡೆ ನಿಲ್ಲಿಸಿ, ಕೇಳಿ, ತಿದ್ದಿಕೊಳ್ಳಿ. ಲೋಕವೇ ಪ್ರಮಾಣ ಎಂಬುದನ್ನು ಆಚರಣೆಗೆ ತರುವ ಬಗೆ ಇದು. ಆ ಪರೀಕ್ಷೆಯಲ್ಲಿ ನಿಂತ ಪ್ರಬಂಧ ಮುಂದೆ ಯಾವ ಪರೀಕ್ಷಕರ ಎದುರೂ ನಿಲ್ಲುತ್ತದೆ.