ನಿಜವನ್ನೂ ತಲೆಗೆ ತುಂಬಬಹುದು

ರಾಯದುರ್ಗದ ಕನ್ನಡ ಮಾಧ್ಯಮ ಶಾಲೆಯಲ್ಲಿ ಸಮಾಜ ಪಾಠ ಮಾಡುವ ಮೇಷ್ಟ್ರಿಗೆ 1953ರ ಅಕ್ಟೋಬರ್ 1 ಪೇಚಿನ ತಾರೀಖು. ಅಂದು ಮದ್ರಾಸಿನಿಂದ ಬೇರೆಯಾಗಿ ಆಂಧ್ರ ರಾಜ್ಯ ಹುಟ್ಟಿತು, ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ ಮೈಸೂರಿಗೆ ಹೋಯಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಆಂಧ್ರಕ್ಕಾಗಿ 58 ದಿನ ಉಪವಾಸವಿದ್ದ ಪೊಟ್ಟಿ ಶ್ರೀರಾಮುಲು ಅದರ ಹಿಂದಿನ ಡಿಸೆಂಬರಿನಲ್ಲಿ ಪ್ರಾಣ ಬಿಟ್ಟಿದ್ದರು. ಬಳ್ಳಾರಿ ಕನ್ನಡ ನಾಡಿಗೆ ಸೇರಬೇಕೆಂದು ದುಡಿದ ರಂಜಾನ್ ಸಾಬ್ ಆ್ಯಸಿಡ್ ದಾಳಿಗೆ ಬಲಿಯಾದರು. ಎರಡೂ ನಡೆದದ್ದೇ. ಗಡಿಯ ಆಚೆಗೊಬ್ಬರು, ಈಚೆಗೊಬ್ಬರು ಹುತಾತ್ಮರು. ಮಕ್ಕಳಿಗೆ ಯಾರ ಕಥೆ ಹೇಳುವುದು, ಹೇಗೆ ಹೇಳುವುದು?

ತಲೆಗೆ ತುಂಬುವುದೆಂದರೆ ಸುಳ್ಳು ಕಲಿಸುವುದು ಎಂದು ನಾವು ಸಲೀಸಾಗಿ ಅಂದುಕೊಳ್ಳುತ್ತೇವೆ. ನ್ಯೂಜಿಲೆಂಡಿನ ಶಿಕ್ಷಣ ತತ್ತ್ವಜ್ಞ ಐವನ್ ಸ್ನೂಕ್ 1972ರ ತಮ್ಮ ಪುಸ್ತಕದಲ್ಲಿ ಬೇರೆ ಕಡೆ ಬೆರಳು ತೋರಿಸಿದರು: ಪುರಾವೆ ಏನೇ ಹೇಳಲಿ, ಮಗು ಇದನ್ನು ನಂಬಿಯೇ ಇರಬೇಕು ಎಂಬ ಉದ್ದೇಶದಿಂದ ಕಲಿಸಿದರೆ ಅದು ತಲೆಗೆ ತುಂಬುವುದು. ಹಾಗಾದರೆ ಸತ್ಯ ಸಂಗತಿಯನ್ನೂ ತಲೆಗೆ ತುಂಬಬಹುದು. ರಂಜಾನ್ ಸಾಬರ ಸಾವು ನಿಜ. ಆದರೆ ಅದನ್ನು ಹೇಳಿ, ಶ್ರೀರಾಮುಲು ಹೆಸರೆತ್ತಿದ ಹುಡುಗನ ಬಾಯಿ ಮುಚ್ಚಿಸಿದರೆ ನಿಜವೂ ಬೇಲಿಯಾಗುತ್ತದೆ.

ಹಾಗೆಂದು ಬಾಯಿಪಾಠವೆಲ್ಲ ತಲೆಗೆ ತುಂಬುವುದಲ್ಲ. ಮಗ್ಗಿಯ ಮಾತು ಬೇರೆ. ಏಳೆಂಟಲಿ ಐವತ್ತಾರು ಎಂದು ಮಗು ಯಾಕೆಂದು ಕೇಳದೆ ಬಾಯಿಪಾಠ ಮಾಡುತ್ತದೆ. ಆ ವಯಸ್ಸಿಗೆ ಅಷ್ಟು ಸಾಕು. ಅಕ್ಷರ, ಊರ ಹೆಸರು, ಬೆಂಕಿ ಸುಡುತ್ತದೆಂಬ ಅಮ್ಮನ ಮಾತು, ಇವೆಲ್ಲ ಮೊದಲು ನಂಬಿಕೆಯಿಂದಲೇ ಬರುತ್ತವೆ. ನಂಬದ ಮಗು ಅನುಮಾನ ಪಡುವುದನ್ನೂ ಕಲಿಯಲಾರದು ಎಂದು ತತ್ತ್ವಜ್ಞ ವಿಟ್‌ಗೆನ್‌ಸ್ಟೈನ್ ವಾದಿಸಿದ್ದು ಇದಕ್ಕೇ. ಮುಂದೊಂದು ದಿನ ಹುಣಸೆಬೀಜ ಜೋಡಿಸಿ ಏಳೆಂಟಲಿ ಎಷ್ಟೆಂದು ಎಣಿಸಿ ನೋಡುವ ದಾರಿ ಮಗ್ಗಿಯಲ್ಲಿ ತೆರೆದೇ ಇರುತ್ತದೆ.

ಮಗ್ಗಿಯಂತೆ ಚರಿತ್ರೆಯನ್ನೂ ಪರೀಕ್ಷಿಸಬಹುದೇ? ಗಡಿಯ ಇನ್ನೊಂದು ಊರು ಮಡಕಶಿರಾ ಕಡೆ ಬನ್ನಿ. ಅದು ಆಗ ಅನಂತಪುರ ಜಿಲ್ಲೆಯದು, ಜಿಲ್ಲೆಯ ಜೊತೆಗೇ ಆಂಧ್ರಕ್ಕೆ ಹೋಯಿತು (2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ). ಅಲ್ಲಿನ ಹೇಮಾವತಿಯೇ ಹಿಂದೆ ನೊಳಂಬ ಅರಸರ ರಾಜಧಾನಿಯಾಗಿದ್ದ ಹೆಂಜೇರು. ಅಲ್ಲಿ ಹಳೆಯ ಕನ್ನಡ ಶಾಸನಗಳಿವೆ. ಮಕ್ಕಳನ್ನು ಕರೆದೊಯ್ದು ಕಲ್ಲು ತೋರಿಸಿ ಅಕ್ಷರ ಓದಿಸಬಹುದು. ‘ಇಲ್ಲಿ ಕನ್ನಡವಿತ್ತು’ ಎಂಬುದು ಹೀಗೆ ಪರೀಕ್ಷೆಗೆ ನಿಲ್ಲುವ ಮಾತು. ‘ಆದ್ದರಿಂದ ಈ ನೆಲ ನಮ್ಮದೇ, ತೆಲುಗರು ಬಂದು ಸೇರಿದವರು’ ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಮೊದಲನೆಯದರ ಬೆನ್ನ ಮೇಲೆ ಎರಡನೆಯದು ಸದ್ದಿಲ್ಲದೆ ಹತ್ತಿ ಕೂರುತ್ತದೆ. ತಲೆಗೆ ತುಂಬುವ ಕೆಲಸ ಬಹುಪಾಲು ನಡೆಯುವುದು ಈ ‘ಆದ್ದರಿಂದ’ದಲ್ಲಿ ಎಂದು ನನ್ನ ಅನಿಸಿಕೆ. ಗಡಿಯ ಕನ್ನಡಿಗನಿಗೆ ಅನ್ಯಾಯವಾಗಿರಬಹುದು. ಆದರೆ ಅನ್ಯಾಯಕ್ಕೆ ವಾದ ಬೇಕು, ಕಂಠಪಾಠ ಸಾಲದು.

ಇದಕ್ಕೊಂದು ಮರುಪ್ರಶ್ನೆಯಿದೆ. ‘ಎಲ್ಲವನ್ನೂ ಪ್ರಶ್ನಿಸು’ ಎಂದು ಕಲಿಸುವುದೂ ತಲೆಗೆ ತುಂಬುವುದೇ ಅಲ್ಲವೇ? ಆಗಬಹುದು, ವಿಚಾರವಾದಿಗಳ ಮನೆಯಲ್ಲೂ ಗಿಣಿಪಾಠ ಕೇಳಿಸುತ್ತದೆ. ಆದರೆ ಪ್ರಶ್ನಿಸುವವರು ತಮ್ಮ ಅನುಮಾನವನ್ನೂ ಪರೀಕ್ಷೆಗೆ ಒಡ್ಡಿದರೆ ಅದು ಗಿಣಿಪಾಠವಲ್ಲ. ಇಲ್ಲಿ ವಿಚಾರವಾದಿ ಎಚ್. ನರಸಿಂಹಯ್ಯನವರು ನೆನಪಾಗುತ್ತಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೊಂದು ಸಮಿತಿ ಮಾಡಿದರು. ಆಗ ಅದೇ ಅನಂತಪುರ ಜಿಲ್ಲೆಯಲ್ಲಿದ್ದ ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಪತ್ರ ಬರೆದು, ಸಮಿತಿಯ ಎದುರು ಪವಾಡ ಮಾಡಿ ತೋರಿಸುವಂತೆ ಕೋರಿದರು. ಬಾಬಾ ಒಪ್ಪಲಿಲ್ಲ. ಒಪ್ಪಿ, ಪರೀಕ್ಷೆಯಲ್ಲಿ ಗೆದ್ದಿದ್ದರೆ ನರಸಿಂಹಯ್ಯನವರು ಪವಾಡಗಳ ಬಗೆಗಿನ ತಮ್ಮ ಅನುಮಾನವನ್ನು ಎಲ್ಲರೆದುರು ಹಿಂದೆ ತೆಗೆದುಕೊಳ್ಳಬೇಕಾಗುತ್ತಿತ್ತು.