ರೋಗಿಯ ಗುಟ್ಟು ಯಾರದು?

ವೈದ್ಯರ ಮುಂದೆ ರೋಗಿ ಹೇಳಿಕೊಂಡ ಮಾತು ಯಾರ ಸೊತ್ತು? 2021ರಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಈ ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತಿದೆ. ಅದರಡಿ ರೋಗಿಗೆ ಕೊಡುವ ಆಭಾ ಎಂಬ 14 ಅಂಕಿಗಳ ಆರೋಗ್ಯ ಗುರುತಿನ ಸಂಖ್ಯೆ ಬೇರೆ ಬೇರೆ ಆಸ್ಪತ್ರೆಗಳ ದಾಖಲೆಗಳನ್ನು ಜೋಡಿಸುತ್ತದೆ. ರೋಗಿ ಒಪ್ಪಿದರೆ ಮಾತ್ರ ಅವು ಇನ್ನೊಬ್ಬರಿಗೆ ತೆರೆದುಕೊಳ್ಳಬೇಕು. ಏರ್ಪಾಡು ಒಳ್ಳೆಯದೇ. ಆದರೆ ಬೇಡವೆನ್ನುವ ಧೈರ್ಯವಿಲ್ಲದವರ ಒಪ್ಪಿಗೆಗೆ ನೈತಿಕ ತೂಕವಿಲ್ಲ. ನೋವು ತಿನ್ನುತ್ತಾ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರು ಮೊಬೈಲಿಗೆ ಬಂದ ಓಟಿಪಿಯನ್ನು ಕೇಳಿದವರಿಗೆ ಹೇಳಿಬಿಡುತ್ತಾರೆ; ಯಾವುದಕ್ಕೆ ಒಪ್ಪಿದೆವೆಂದು ವಿಚಾರಿಸುವಷ್ಟು ವ್ಯವಧಾನ ಅವರಿಗೆಲ್ಲಿ?

ಪ್ರಜ್ಞೆ ತಪ್ಪಿದವರ ಒಪ್ಪಿಗೆಗೆ ಕಾಯುತ್ತಾ ಕೂತರೆ ಪ್ರಾಣವೇ ಹೋದೀತು ಎಂಬ ಆಕ್ಷೇಪ ನ್ಯಾಯವಾದದ್ದು. ಯಾವ ಔಷಧಿ ಒಗ್ಗದು ಎಂಬ ಒಂದು ಸಾಲು ಆಗ ಜೀವ ಉಳಿಸುತ್ತದೆ. ಆದರೆ ಆ ಸಾಲಿಗಾಗಿ ಎಚ್‌ಐವಿ ಸೋಂಕು, ಗರ್ಭಪಾತ, ಮನೋರೋಗದ ಚಿಕಿತ್ಸೆ ಎಲ್ಲವನ್ನೂ ಬಿಚ್ಚಿಡಬೇಕಿಲ್ಲ. ಮುಚ್ಚಿಡುವುದೇನಿದೆ ಎಂದು ಕೇಳುವವರು, ಕಾಯಿಲೆಯ ಹೆಸರೊಂದರಿಂದಲೇ ಕೆಲಸವನ್ನೂ ಸಂಬಂಧಗಳನ್ನೂ ಕಳೆದುಕೊಂಡವರನ್ನು ಮರೆಯುತ್ತಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಆ ಹಕ್ಕು ಆಸ್ಪತ್ರೆಯ ಕೌಂಟರಿನಲ್ಲೂ ಉಳಿಯಬೇಕಾದರೆ, ಆಭಾ ಬೇಡವೆಂದವರಿಗೂ ಅದೇ ಸಾಲಿನಲ್ಲಿ, ಅದೇ ಚಿಕಿತ್ಸೆ ಸಿಗಬೇಕು.